ಬಾಯಿಬಡುಕ ಕಲ್ಲು

ಟಕ್.

ಊರೆಲ್ಲ ಮಲಗಿದ ಮೇಲೆ ಕೇಳಿಸಿದ ಸದ್ದು ಅಷ್ಟೇ. ದೊಡ್ಡದೇನಲ್ಲ. ಯಾರೋ ಕತ್ತಲಲ್ಲಿ ಕೂತು ಒಮ್ಮೆ ಲೊಚಗುಟ್ಟಿದ ಹಾಗೆ. ಡ್ರಾಯಿಂಗ್ ಮೇಷ್ಟ್ರು ಕಣ್ಣು ಬಿಟ್ಟರು. ಪಕ್ಕದಲ್ಲಿ ಅವರ ಹೆಂಡತಿ ಬಿಟ್ಟ ಕಣ್ಣನ್ನು ಮುಚ್ಚಿಯೇ ಇರಲಿಲ್ಲ.

"ಕೇಳಿಸ್ತಾ ರೀ?"

"ಕೇಳಿಸ್ತು."

"ನನಗೆ ನಿದ್ದೆ ಹತ್ತೋದಕ್ಕೂ ಇದು ಟಕ್ ಅನ್ನೋದಕ್ಕೂ ಒಳಗೊಳಗೇ ಏನೋ ಒಪ್ಪಂದ ಆಗಿದೆ."

ಮೇಷ್ಟ್ರು ಧಡಕ್ಕನೆ ಎದ್ದು ಕಿಟಕಿಗೆ ಮುಖ ಒತ್ತಿದರು. ಕಿಟಕಿಯ ಬುಡದಲ್ಲೇ ಚರಂಡಿ, ಚರಂಡಿಯ ಮೇಲೆ ಸಾಲಾಗಿ ಕಲ್ಲುಚಪ್ಪಡಿಗಳು, ಆ ಸಾಲಿನಲ್ಲಿ ಒಂದು ಮಾತ್ರ ಸಡಿಲ. ಅದರ ಒಂದು ಮೂಲೆಯ ಮೇಲೆ ಕಾಲಿಟ್ಟರೆ ಇನ್ನೊಂದು ಮೂಲೆ ಏಳುತ್ತಿತ್ತು. ಕಾಲು ತೆಗೆದರೆ ಸದ್ದು ಮಾಡಿ ಕೂರುತ್ತಿತ್ತು. ದೀಪದ ಕಂಬದ ಕೆಳಗೆ ಬೀದಿ ಖಾಲಿ ಬಿದ್ದಿತ್ತು.

"ಯಾರಿದಾರೆ?"

"ಯಾರೂ ಇಲ್ಲ. ನಾಯಿ ಇರಬೇಕು."

"ನಾಯಿ ಕಾಣಿಸ್ತಾ?"

"ಹೋಗಿಯಾಯ್ತಲ್ಲ, ಇನ್ನೆಲ್ಲಿ ಕಾಣಿಸುತ್ತೆ?" ಎಂದು ಮೇಷ್ಟ್ರು ಹಾಸಿಗೆಗೆ ಬಂದರು. ಅವರ ಕಣ್ಣು ಬಲು ಚುರುಕು. ಗೆರೆ ಕೂದಲೆಳೆಯಷ್ಟು ವಾಲಿದರೂ ಹಿಡಿದುಬಿಡುತ್ತಿದ್ದರು. ಕಿವಿಗಳನ್ನು ಮಾತ್ರ ಕನ್ನಡಕ ಸಿಕ್ಕಿಸುವುದಕ್ಕೆಂದೇ ಇಟ್ಟುಕೊಂಡಿದ್ದರು.

ಹೆಂಡತಿಗೆ ಬೀದಿಯಲ್ಲೆಲ್ಲ ಡ್ರೈವರಮ್ಮ ಎಂದೇ ಹೆಸರು. ಊರಿನ ಬೆಳಗಿನ ಮೊದಲ ಬಸ್ಸು ಓಡಿಸುವುದು ಅವರೇ. ಸೂರ್ಯ ಹಲ್ಲುಜ್ಜುವ ಮೊದಲೇ ಆಸ್ಪತ್ರೆಯ ಆಯಾಗಳನ್ನೂ ತರಕಾರಿಯವರನ್ನೂ ಅವರವರ ಜಾಗಕ್ಕೆ ಮುಟ್ಟಿಸಿಬಿಡುತ್ತಿದ್ದರು. ಒಂದು ತಿಂಗಳಿಂದ ನಿದ್ದೆಯಿಲ್ಲ. ಹೋದ ವಾರ ಆಸ್ಪತ್ರೆ ಸ್ಟಾಪಿನಲ್ಲಿ ನಿಂತು ಕೈಬೀಸುತ್ತಿದ್ದವರಿಗೆಲ್ಲ ತಾವೂ ಕೈಬೀಸಿ ನಿಲ್ಲಿಸದೆ ಮುಂದೆ ಹೋಗಿಬಿಟ್ಟಿದ್ದರು. ಇವತ್ತು ಡಿಪೋದ ಸಾಹೇಬರು ಕರೆಸಿ, ಬೈಯದೆ, ಬೈಗುಳಕ್ಕಿಂತ ಕೆಟ್ಟದ್ದೊಂದನ್ನು ಹೇಳಿದ್ದರು: ನಾಡಿದ್ದು ಮೊದಲ ಬಸ್ಸಿನಲ್ಲಿ ನಾನೇ ನಿಮ್ಮ ಪಕ್ಕ ಕೂರುತ್ತೇನೆ. ಅಂದೂ ಕಣ್ಣೆಳೆದರೆ ಸ್ಟೀರಿಂಗ್ ಬಿಟ್ಟು ಪಾಸ್ ಕೊಡುವ ಕಿಟಕಿಯ ಹಿಂದೆ ಕೂರಬೇಕಾಗುತ್ತದೆ.

ಆ ನಾಡಿದ್ದು ಈಗ ನಾಳೆಯಾಗುತ್ತಿತ್ತು. ಉಳಿದದ್ದು ಮುಂದಿನ ಒಂದೇ ರಾತ್ರಿ. ಕಿವಿಗೆ ಹತ್ತಿ ಇಟ್ಟು ನೋಡಿಯಾಗಿತ್ತು; ಟಕ್ ಕೇಳಿಸಲಿಲ್ಲ ನಿಜ, ಅಲಾರಂ ಕೂಡ ಕೇಳಿಸಲಿಲ್ಲ.

"ಪಾಸ್ ಕಿಟಕೀಲಿ ಕೂತ್ರೆ ನಾನು ಸತ್ತೇ ಹೋಗ್ತೀನಿ ರೀ," ಎಂದರು ಡ್ರೈವರಮ್ಮ. ಅವರು ಸುಮ್ಮಸುಮ್ಮನೆ ಹಾಗೆಲ್ಲ ಆಡುವವರಲ್ಲ.

ಮೇಷ್ಟ್ರು ಎದ್ದು ಕೂತರು. "ನೋಡು, ನಾಳೆ ರಾತ್ರಿಯೊಳಗೆ ಆ ಕಲ್ಲಿನ ಬಾಯಿ ಮುಚ್ಚಿಸದೆ ಇದ್ರೆ ನಾನು ಪೆನ್ಸಿಲ್ ಮುಟ್ಟಲ್ಲ."

"ಪೆನ್ಸಿಲ್ ಮುಟ್ಟಿ ಪರವಾಗಿಲ್ಲ. ಸುತ್ತಿಗೆ ಮುಟ್ಟಬೇಡಿ."

"ಯಾಕೆ? ಅಡುಗೆಮನೆ ಮೇಜು ಮಾಡಿದ್ದು ಯಾರು ಹಾಗಾದ್ರೆ?"

"ಅದೊಂದು ಒಪ್ಕೋತೀನಿ," ಎಂದು ಅವರು ಕತ್ತಲಲ್ಲಿ ನಕ್ಕರು. ಹೋದ ತಿಂಗಳು ಮೇಷ್ಟ್ರು ತಮ್ಮ ಕೈಯಾರೆ ಫ್ರಿಜ್ಜಿನ ಪಕ್ಕದ ಗೋಡೆಗೆ ಒಂದು ಮಡಚುವ ಮೇಜು ಕೂರಿಸಿದ್ದರು. ಬೇಕಾದಾಗ ಇಳಿಸಬಹುದು, ಬೇಡವಾದಾಗ ಗೋಡೆಗೆ ಮಡಚಬಹುದು, ಮಡಚಿದಾಗ ಅದರ ಒಂಟಿ ಕಾಲು ಕೆಳಗೆ ತೂಗಾಡುತ್ತಿರುತ್ತಿತ್ತು. ಮದುವೆಯಾದ ಮೇಲೆ ಮನೆಗಾಗಿ ಅವರು ಮಾಡಿ ಮುಗಿಸಿದ ಕೆಲಸ ಅದೊಂದೇ. ಬಂದವರಿಗೆಲ್ಲ ಕಾಫಿಗಿಂತ ಮೊದಲು ಅದನ್ನೇ ತೋರಿಸುತ್ತಿದ್ದರು.

ಬೆಳಗಾಯಿತು. ಡ್ರೈವರಮ್ಮ ಕತ್ತಲಿರುವಾಗಲೇ ಕೆಂಪು ಕಣ್ಣು ಹೊತ್ತು ಡಿಪೋಗೆ ಹೋಗಿದ್ದರು. ಮೇಷ್ಟ್ರಿಗೆ ಶಾಲೆಗೆ ರಜೆ. ದಪ್ಪ ಡ್ರಾಯಿಂಗ್ ಶೀಟನ್ನು ಎಂಟು ಮಡಿಕೆ ಮಾಡಿ, ಸಡಿಲ ಮೂಲೆಯ ಕೆಳಗೆ ತುರುಕಿದರೆ ಮುಗಿಯಿತು ಎಂದು ಲೆಕ್ಕ ಹಾಕಿ ಬೀದಿಗಿಳಿದರು.

ಎದುರುಮನೆಯ ಟೈಲರಕ್ಕ ಕಿಟಕಿಯಲ್ಲಿ ಕೂತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದರು: "ಏನ್ ಮೇಷ್ಟ್ರೇ, ಏನು ಕಳಕೊಂಡ್ರಿ?"

"ನಿದ್ದೆ," ಎಂದರು ಮೇಷ್ಟ್ರು, ಒಂದು ಕಾಲನ್ನು ಚಪ್ಪಡಿಯ ಈ ಮೂಲೆಯ ಮೇಲಿಟ್ಟು, ಬಗ್ಗಿ, ಆ ಮೂಲೆಗೆ ಕೈ ಚಾಚುತ್ತ. ಕೈ ಚಾಚಿದ ಕೂಡಲೇ ಭಾರ ಅತ್ತ ವಾಲಿತು. ಚಪ್ಪಡಿ ತೂಗುಯ್ಯಾಲೆಯಾಯಿತು. ಮೇಷ್ಟ್ರ ಎಡಗಾಲು ಚರಂಡಿಯೊಳಗೆ ಮೊಣಕಾಲವರೆಗೆ ಇಳಿಯಿತು. ಕಾಲನ್ನು ಎಳೆದುಕೊಂಡರು; ಕಾಲು ಬಂತು, ಚಪ್ಪಲಿ ಬರಲಿಲ್ಲ. ಚಪ್ಪಡಿ ಡಬ್ ಎಂದು ತನ್ನ ಜಾಗದಲ್ಲಿ ಕೂತು ಏನೂ ಅರಿಯದ ಮುಖ ಮಾಡಿತು.

"ನಿದ್ದೆ ಜೊತೆಗೆ ಚಪ್ಪಲೀನೂ ಹೋಯ್ತಲ್ಲ," ಎಂದರು ಟೈಲರಕ್ಕ. ನಗುವಾಗ ಗುಂಡುಸೂಜಿ ಬೀಳದಂತೆ ತುಟಿ ಬಿಗಿಹಿಡಿಯುವುದರಲ್ಲಿ ಅವರು ಪಳಗಿದ ಕೈ.

ಮೇಷ್ಟ್ರು ಹಲ್ಲು ಕಚ್ಚಿದರು. ಕಾಲು ತೊಳೆದುಕೊಂಡು, ಉಳಿದ ಒಂಟಿ ಚಪ್ಪಲಿಯಲ್ಲೇ ನೆಟ್ಟಗೆ ವಾರ್ಡ್ ಕಚೇರಿಗೆ ಹೊರಟರು. ದಾರಿಯುದ್ದಕ್ಕೂ ಅವರ ನಡಿಗೆ ಒಂದು ಕಾಲು ಎತ್ತರ, ಒಂದು ಕಾಲು ತಗ್ಗು. ಕಚೇರಿಯ ಬಾಗಿಲಲ್ಲಿ ಬೇಸತ್ತು ಆ ಒಂಟಿ ಚಪ್ಪಲಿಯನ್ನೂ ಕಸದ ಡಬ್ಬಿಗೆ ಎಸೆದು, ಇನ್ನು ಹಿಂದೆ ನೋಡುವ ಮಾತೇ ಇಲ್ಲ ಎಂದುಕೊಂಡು ಬರಿಗಾಲಲ್ಲಿ ಒಳಗೆ ಹೋದರು.

ಒಳಗೆ ಇಂಜಿನಿಯರ್ ಕೂತಿದ್ದಳು. ಇನ್ನೂ ಚಿಕ್ಕ ವಯಸ್ಸಿನ ಹುಡುಗಿ; ಮುಖದ ಮೇಲೆ ಮಾತ್ರ ನಿವೃತ್ತಿಗೆ ಹತ್ತಿರವಾದವರ ಸುಸ್ತು. ಅವಳ ಮುಂದಿನ ದೊಡ್ಡ ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಊರು ಮುಂದೆ ಹೇಗಿರಬೇಕೆಂಬ ಮಾದರಿ. ಹಾವಿನ ಹಾಗೆ ಸುತ್ತುವ ಮೇಲ್ಸೇತುವೆ, ಥರ್ಮೋಕೋಲಿನ ಗೋಪುರಗಳು, ಹಸಿರು ಸ್ಪಂಜಿನ ಮರಗಳು. ಮೇಷ್ಟ್ರು ಬಂದ ಕೆಲಸ ಮರೆತು ಗಾಜಿಗೆ ಮೂಗು ತಾಗಿಸಿ ತಮ್ಮ ಬೀದಿ ಹುಡುಕಿದರು.

"ನಮ್ಮನೆ ಎಲ್ಲಮ್ಮಾ ಇದರಲ್ಲಿ? ನೀರಿನ ಟ್ಯಾಂಕ್ ಹಿಂದಿನ ಬೀದಿ."

ಅವಳು ಬೆರಳಿಟ್ಟು ತೋರಿಸಿದಳು. "ಇಲ್ಲಿ ಸಾರ್. ಕಾರಂಜಿ."

"ಕಾರಂಜಿಯಾ? ನಾವೆಲ್ಲಿ ಹೋಗ್ತೀವಿ?"

"ಅದು ಇನ್ನೂ ಗೊತ್ತಿಲ್ಲ ಸಾರ್. ಜನರ ಗೊಂಬೆ ಅಂಟಿಸೋ ಹೊತ್ತಿಗೆ ಅಂಟು ಮುಗಿದುಹೋಯ್ತು." ಅವಳು ನಗಲಿಲ್ಲ. "ಇದೆಲ್ಲ ಮುಂದೆ ಬರೋ ಜನಕ್ಕೆ. ನಿಮಗೇನಾಗಬೇಕಿತ್ತು?"

"ಒಂದು ಚಪ್ಪಡಿ. ಸಡಿಲವಾಗಿದೆ. ಗಟ್ಟಿಯಾಗಿ ಕೂರಿಸಬೇಕು."

"ಒಂದೇನಾ?" ಅವಳ ಮುಖ ಬಾಡಿತು. "ಒಂದು ಸಾವಿರ ಚಪ್ಪಡಿ ಅಂದಿದ್ರೆ ಸುಲಭ ಇತ್ತು ಸಾರ್. ಒಂದಕ್ಕೆ ನಮ್ಮಲ್ಲಿ ದಾರಿ ಇಲ್ಲ."

ಮೇಷ್ಟ್ರು ಅಲ್ಲೇ ಕುರ್ಚಿ ಎಳೆದು ಕೂತರು. ಡಿಪೋ, ಸ್ಟೀರಿಂಗ್, ಪಾಸ್ ಕಿಟಕಿ, ಆಸ್ಪತ್ರೆ ಸ್ಟಾಪಿನಲ್ಲಿ ಕೈಬೀಸಿದ್ದು, ಎಲ್ಲ ಹೇಳಿದರು. ಹೇಳಿ ಮುಗಿಸಿ, "ನಾನು ಇಲ್ಲಿಂದ ಏಳಲ್ಲ. ಬೇಕಾದ್ರೆ ನನ್ನನ್ನೂ ಆ ಗಾಜಿನೊಳಗೆ ಅಂಟಿಸಿ," ಎಂದರು.

ಹುಡುಗಿ ಆಸ್ಪತ್ರೆ ಸ್ಟಾಪಿನ ಮಾತಿಗೆ ತಲೆಯೆತ್ತಿದ್ದಳು. "ಆ ಬಸ್ಸಿನವರಾ? ನಮ್ಮಮ್ಮ ಅದೇ ಬಸ್ಸಿಗೆ ಹೋಗೋದು." ಸ್ವಲ್ಪ ಹೊತ್ತು ಪೆನ್ನು ಆಡಿಸಿದಳು. "ಒಂದು ದಾರಿ ಇದೆ ಸಾರ್. ಹೊಸ ಕಮಿಷನರ್ ಮೇಡಂ ಬಂದ ಮೇಲೆ ಒಂದು ಪದ್ಧತಿ ಮಾಡಿದಾರೆ. ವಾರವೆಲ್ಲ ಮುಂದೆ ಬರೋರಿಗೆ ಕೆಲಸ, ಒಂದು ದಿನ ಈಗ ಇರೋರಿಗೆ. ಆ ದಿನ ಚಿಕ್ಕಪುಟ್ಟ ಕೆಲಸ ಆವತ್ತೇ ಮಾಡಿಕೊಡ್ತೀವಿ. ಇವತ್ತೇ ಆ ದಿನ."

"ಮತ್ತೆ ಇನ್ನೇನಮ್ಮ, ಏಳು!"

"ಒಂದು ಷರತ್ತು. ಬೀದಿಯವರೆಲ್ಲ ಆ ಜಾಗದಲ್ಲೇ ನಿಂತಿರಬೇಕು. ಬೇಡ ಅನ್ನೋರು ಇದಾರಾ ಅಂತ ನಾನು ಮೂರು ಸಲ ಕೂಗ್ತೀನಿ. ಒಬ್ರು ಬೇಡ ಅಂದ್ರೂ ಗಾರೆಯವರ ಗಾಡಿ ಪಕ್ಕದ ಬೀದಿಗೆ ಹೋಗುತ್ತೆ. ಆಮೇಲೆ ಒಂದು ವರ್ಷ ನಿಮ್ಮ ಬೀದಿ ಕೇಳೋ ಹಾಗಿಲ್ಲ."

ಮೇಷ್ಟ್ರು ಗಹಗಹಿಸಿದರು. "ಸಡಿಲ ಕಲ್ಲು ಗಟ್ಟಿ ಮಾಡೋದಕ್ಕೆ ಯಾವ ಪುಣ್ಯಾತ್ಮ ಬೇಡ ಅಂತಾನಮ್ಮಾ? ಸಂಜೆ ಬಾ."

ಪುಣ್ಯಾತ್ಮರು ಒಬ್ಬರಲ್ಲ, ಮೂವರಿದ್ದರು.

ಮೊದಲನೆಯವರು ಟೈಲರಕ್ಕ. ಸುದ್ದಿ ಕೇಳಿದ್ದೇ ಬಾಯಿಂದ ಗುಂಡುಸೂಜಿಗಳನ್ನೆಲ್ಲ ತೆಗೆದರು. ಅವರು ಬಾಯಿ ಖಾಲಿ ಮಾಡಿದರೆಂದರೆ ವಿಷಯ ಗಂಭೀರ ಎಂದರ್ಥ.

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಮೇಷ್ಟ್ರೇ. ಆ ಕಲ್ಲೇ ನನಗೆ ಅನ್ನ."

"ಕಲ್ಲು ಅನ್ನ ಹ್ಯಾಗಾಗುತ್ತಕ್ಕಾ?"

"ಬಟ್ಟೆ ಕೇಳ್ಕೊಂಡು ಗಿರಾಕಿ ಬರ್ತಾರೆ. ಕಲ್ಲು ಡಬ್ ಅನ್ನುತ್ತೆ. ಯಾರು ಅಂತ ಕಿಟಕೀಲಿ ನೋಡಿ, ಅಷ್ಟರಲ್ಲಿ ಅವರ ಬಟ್ಟೆ ಮೂಟೆಯಿಂದ ಎಳೆದು ಸೂಜಿ ಕೆಳಗಿಟ್ಟು ಗರಗರ ತಿರುಗಿಸ್ತೀನಿ. ಅವರು ಒಳಗೆ ಕಾಲಿಟ್ರೆ, 'ಈಗ ತಾನೇ ನಿಮ್ಮದೇ ಕೂರಿಸಿದೆ' ಅಂತೀನಿ. ಖುಷಿಯಾಗಿ ಹೋಗ್ತಾರೆ. ಕಲ್ಲು ಸುಮ್ಮನಾದ್ರೆ ನನ್ನ ಮರ್ಯಾದೆ ಏನಾಗಬೇಕು?"

"ಗೇಟಿಗೆ ಒಂದು ಗಂಟೆ ಕಟ್ಟಿ."

"ಗಂಟೆ ಕಟ್ಟಿದ್ರೆ ಗಿರಾಕಿಗೂ ಗೊತ್ತಾಗುತ್ತಲ್ಲ, ಗಂಟೆ ಯಾಕೆ ಕಟ್ಟಿದಾರೆ ಅಂತ!"

ಮೇಷ್ಟ್ರು ತಲೆ ಕೆರೆದುಕೊಂಡರು. ಡ್ರೈವರಮ್ಮನ ಕೆಂಪು ಕಣ್ಣು ನೆನಪಾಯಿತು. "ಆಯ್ತು. ನಾನು ಮನೇಲಿರೋ ಹೊತ್ತಲ್ಲಿ ಗಿರಾಕಿ ಬಂದ್ರೆ ಕಿಟಕೀಲಿ ನಿಂತು ಕೆಮ್ತೀನಿ."

"ಜೋರಾಗಿ?"

"ಜೋರಾಗಿ."

"ಒಂದು ಸಲ ಕೆಮ್ಮಿ ತೋರಿಸಿ." ಮೇಷ್ಟ್ರು ಕೆಮ್ಮಿದರು. "ಇದು ಗಂಟಲು ಸರಿಮಾಡ್ಕೊಂಡ ಹಾಗಾಯ್ತು. ಹೊಟ್ಟೆಯಿಂದ ಬರಲಿ." ಹೊಟ್ಟೆಯಿಂದ ಬಂತು. ಟೈಲರಕ್ಕ ಗುಂಡುಸೂಜಿಗಳನ್ನು ಬಾಯಿಗೆ ಹಾಕಿಕೊಂಡರು. ಒಪ್ಪಿಗೆ.

ಎರಡನೆಯವರು ಪಕ್ಕದ ಮನೆಯ ಬ್ಯಾಂಡ್ ತಾತ. ಒಂದು ಕಾಲದಲ್ಲಿ ಇಡೀ ಬ್ಯಾಂಡಿಗೆ ಮೇಷ್ಟ್ರಾಗಿದ್ದವರು. ಈಗ ಕಣ್ಣು ಮಂಜು. ಸಂಜೆ ಗೋಡೆ ಹಿಡಿದು ಒಬ್ಬರೇ ಅಡ್ಡಾಡಿ ಬರುತ್ತಿದ್ದರು.

"ಡಬ್ ಅಂದ ಮೇಲೆ ಮುಂದಿನ ಗೇಟು ನಂದು," ಎಂದರು ತಾತ. "ಆ ಕಲ್ಲು ಸುಮ್ಮನಾದ್ರೆ ಯಾರ ಮನೆಗೆ ನುಗ್ಗಿಬಿಡ್ತೀನೋ. ಒಂದು ಸಲ ಟೈಲರಮ್ಮನ ಮನೆಗೆ ಹೋಗಿ, ನನ್ನ ಕುರ್ಚಿ ಅಂತ ಹೊಲಿಗೆ ಮಿಷನ್ ಮೇಲೆ ಕೂತಿದ್ದೆ. ಗೊತ್ತಲ್ಲ?"

ಗೊತ್ತಿತ್ತು. ಬೀದಿಗೆಲ್ಲ ಗೊತ್ತಿತ್ತು.

"ನಮ್ಮವಳಿಗೆ ರಾತ್ರಿ ನಿದ್ದೆ ಇಲ್ಲ ತಾತ. ಬರೀ ಟಕ್, ಟಕ್, ಟಕ್."

ತಾತ ಬೆರಳೆತ್ತಿದರು. "ತಪ್ಪು. ಈ ಕಲ್ಲು ಟಕ್ ಅನ್ನಲ್ಲ. ಡಬ್ ಅನ್ನುತ್ತೆ. ಇದು ದೊಡ್ಡ ಡೋಲು. ಟಕ್ ಅನ್ನೋದು ಮರ. ಕೋಲಿನ ಅಂಚಿನ ಸದ್ದು. ಎರಡಕ್ಕೂ ಆಕಾಶ ಭೂಮಿ ವ್ಯತ್ಯಾಸ."

"ರಾತ್ರಿ ತಂಪಿಗೆ ದನಿ ಬದಲಾಗುತ್ತೆ ತಾತ," ಎಂದರು ಮೇಷ್ಟ್ರು. ಬ್ಯಾಂಡಿನವರ ಜೊತೆ ಸ್ವರದ ಚರ್ಚೆಗೆ ಕೂತರೆ ಸಂಜೆ ಅಲ್ಲೇ ಆಗುತ್ತದೆಂದು ಅವರಿಗೆ ಗೊತ್ತಿತ್ತು. "ಹೊಸ ಕಲ್ಲಿನ ಮೇಲೆ ಗೀರು ಹಾಕಿಸ್ತೀನಿ. ಕಾಲಿಗೇ ಗೊತ್ತಾಗುತ್ತೆ, ಕಿವಿ ಬೇಡ."

"ಕಾಲಿಗೆ ಅಭ್ಯಾಸ ಆಗೋವರೆಗೆ?"

"ಸಂಜೆ ನಾನೇ ಕೈಹಿಡಿದು ಕರೆದುಕೊಂಡು ಬರ್ತೀನಿ."

"ದಾರೀಲಿ ನಮ್ಮ ಬ್ಯಾಂಡಿನ ಕತೆ ಹೇಳ್ತೀನಿ. ಮೊದಲಿಂದ."

ಮೇಷ್ಟ್ರು ಕಣ್ಣು ಮುಚ್ಚಿ, "ಹೇಳಿ ತಾತ," ಎಂದರು. ಆ ಕತೆಯ ಕೊನೆ ಕೇಳಿದವರು ಬೀದಿಯಲ್ಲಿ ಯಾರೂ ಇರಲಿಲ್ಲ.

ಮೂರನೆಯವರು ಮಹಡಿಯ ಅಜ್ಜಿ. ಮೇಷ್ಟ್ರ ತಲೆಯ ಮೇಲೆಯೇ ಅವರ ವಾಸ. ಅವರ ಮಗ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಮರುದಿನದ ಪೇಪರ್ ಅಚ್ಚಾದ ಮೇಲೆ, ಊರಿನ ನಾಯಿಗಳೂ ಮಲಗಿದ ಮೇಲೆ ಅವನು ಮನೆಗೆ ಬರುವುದು. ಅಜ್ಜಿ ಮೆಟ್ಟಿಲ ಮೇಲ್ತುದಿಯಲ್ಲಿ ಕೂತು, ಕೆಳಗೆ ನಿಂತ ಮೇಷ್ಟ್ರನ್ನು ಕೋರ್ಟಿನ ಜಡ್ಜಿನ ಹಾಗೆ ನೋಡಿದರು.

"ಆ ಕಲ್ಲು ಈಗಿಂದಲ್ಲಪ್ಪ ಅಲ್ಲಾಡ್ತಿರೋದು. ನನ್ನ ಮಗನಿಗೆ ಮೀಸೆ ಬರೋದಕ್ಕೆ ಮುಂಚಿನಿಂದ ಹಾಗೇ ಇದೆ. ನಿಮಗೆ ಈಗ ನಿದ್ದೆ ಕೆಟ್ಟಿತಾ?"

"ಒಂದು ತಿಂಗಳಿಂದ ಜಾಸ್ತಿಯಾಗಿದೆ ಅಜ್ಜಿ."

"ನನಗೇನೂ ಜಾಸ್ತಿ ಕೇಳಿಸಿಲ್ಲಪ್ಪ." ಅಜ್ಜಿ ದನಿ ತಗ್ಗಿಸಿದರು. "ನೋಡು, ಗುಟ್ಟು ಹೇಳ್ತೀನಿ. ಅವನು ಬಂದ ಅಂತ ಗೊತ್ತಾಗದೆ ನನಗೆ ಕಣ್ಣು ಮುಚ್ಚಲ್ಲ. ಎದ್ದು ಕಾದ್ರೆ ಅವನು ಬೈತಾನೆ, 'ಅಮ್ಮ, ನಾನೇನು ಮಗುನಾ' ಅಂತ. ಅದಕ್ಕೆ ಮುಸುಕು ಹಾಕ್ಕೊಂಡು ಮಲಗಿರ್ತೀನಿ. ಕೆಳಗೆ ಡಬ್ ಅನ್ನುತ್ತೆ. ಬಂದ. ಅಲ್ಲಿಗೆ ನಿದ್ದೆ. ಅವನು ಬಾಗಿಲು ತೆಗೆಯೋ ಹೊತ್ತಿಗೆ ನಾನು ಗೊರಕೆ ಹೊಡೀತಿರ್ತೀನಿ. ಆ ಕಲ್ಲು ತೆಗೆದು ನನ್ನ ನಿದ್ದೆ ಕಿತ್ಕೋತೀಯಾ?"

ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ಒಬ್ಬರ ನಿದ್ದೆಗೆ ಬೇಕಾದದ್ದೇ ಇನ್ನೊಬ್ಬರ ನಿದ್ದೆಗೆ ಬೇಡ. ಆದರೆ ಇಲ್ಲಿಯವರೆಗೆ ಬಂದು ಸೋಲುವುದೇ? ಅವರ ಕಣ್ಣು ಮೂಲೆಯಲ್ಲಿದ್ದ ಉದ್ದ ಕೋಲಿನ ಪೊರಕೆಯ ಮೇಲೆ ಬಿತ್ತು.

"ಅಜ್ಜಿ, ನಮ್ಮ ಸೂರೇ ನಿಮ್ಮ ನೆಲ. ನಿಮ್ಮ ಮಗ ಗೇಟು ದಾಟಿದ ಕೂಡಲೇ ನಾನು ಪೊರಕೆ ಕೋಲಿಂದ ಸೂರಿಗೆ ಒಂದೇಟು ಕುಟ್ತೀನಿ. ಸರೀನಾ?"

"ದಿನಾ?"

"ದಿನಾ."

"ಮರೀಬಾರದು."

"ಮರೆತ್ರೆ ಕೇಳಿ."

"ಕೇಳೋದೇನು, ಇಳಿದುಬಂದು ಬಾಗಿಲು ಬಡೀತೀನಿ," ಎಂದು ಅಜ್ಜಿ ಒಪ್ಪಿಗೆ ಕೊಟ್ಟರು. "ನನ್ನ ಮಗನಿಗೆ ಮಾತ್ರ ಉಸಿರೆತ್ತಬೇಡ."

ಸಂಜೆ ಗಾರೆಯವರ ಗಾಡಿ ಬಂತು. ಹಿಂದೆಯೇ ಇಂಜಿನಿಯರ್. ಬೀದಿಯವರು ಚಪ್ಪಡಿಯ ಸುತ್ತ ಸೇರಿದರು. ಅಷ್ಟೊತ್ತಿಗೆ ಡ್ರೈವರಮ್ಮನೂ ಡ್ಯೂಟಿ ಮುಗಿಸಿ ಬಂದು, ಆಕಳಿಸುತ್ತ, ಬ್ಯಾಗು ಎದೆಗವುಚಿಕೊಂಡು ಬಾಗಿಲಲ್ಲಿ ನಿಂತರು.

"ಈ ಚಪ್ಪಡಿ ಗಟ್ಟಿ ಮಾಡೋದು ಬೇಡ ಅನ್ನೋರು ಇದ್ದೀರಾ?" ಎಂದು ಹುಡುಗಿ ಕೂಗಿದಳು.

ಟೈಲರಕ್ಕ ಮೇಷ್ಟ್ರನ್ನು ನೋಡಿದರು. ತಾತ ಮೇಷ್ಟ್ರಿದ್ದ ಕಡೆ ಎಂದುಕೊಂಡು ದೀಪದ ಕಂಬವನ್ನು ನೋಡಿದರು. ಯಾರೂ ಉಸಿರೆತ್ತಲಿಲ್ಲ.

"ಎರಡನೇ ಸಲ. ಬೇಡ ಅನ್ನೋರು ಇದ್ದೀರಾ?"

ಆಗ ಮಹಡಿಯಿಂದ ಅಜ್ಜಿಯ ಮಗ ಇಳಿದುಬಂದ. ಪ್ರೆಸ್ಸಿಗೆ ಹೊರಟವನು. ವಿಷಯ ಕೇಳಿ, "ಅಬ್ಬಾ, ಒಳ್ಳೇದಾಯ್ತು. ನಮ್ಮಮ್ಮ ಪಾಪ ಸಂಜೆಗೇ ಮಲಗಿಬಿಡ್ತಾಳೆ. ನಾನು ಬರೋವಾಗ ಎಲ್ಲಿ ಎಚ್ಚರ ಆಗುತ್ತೋ ಅಂತ ದಿನಾ ಭಯ ನನಗೆ," ಎಂದ. ಮೆಟ್ಟಿಲ ಮೇಲಿದ್ದ ಅಜ್ಜಿ ಆಕಾಶದಲ್ಲಿ ಹೋಗುತ್ತಿದ್ದ ಯಾವುದೋ ಹಕ್ಕಿಯನ್ನು ಬಹಳ ಆಸಕ್ತಿಯಿಂದ ನೋಡಿದರು.

"ಮೂರನೇ ಸಲ. ಕೊನೇ ಸಲ. ಬೇಡ ಅನ್ನೋರು..."

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಒಬ್ಬ ಗಿರಾಕಿ ಕಾಣಿಸಿದ, ಬರುವ ಬಿರುಸಿನಲ್ಲೇ ಅವನ ಬಟ್ಟೆ ಎಷ್ಟು ತಡವಾಗಿದೆ ಎಂಬುದು ತಿಳಿಯುತ್ತಿತ್ತು. ಟೈಲರಕ್ಕ ಅವನನ್ನು ನೋಡಿರಲಿಲ್ಲ. ಮೇಷ್ಟ್ರು ನೋಡಿದ್ದರು. ಕೊಟ್ಟ ಮಾತು ಕೊಟ್ಟ ಮಾತೇ. ಹೊಟ್ಟೆಯಿಂದ ಕೆಮ್ಮಿದರು.

ಇಂಜಿನಿಯರ್ ತಿರುಗಿದಳು. "ಸಾರ್, ನೀವೇ ಏನೋ ಹೇಳಬೇಕು ಅಂತಿದ್ದೀರಾ?"

ಮೇಷ್ಟ್ರು ಕೈಯಾಡಿಸಿ ಇಲ್ಲ ಎಂದರು. ಗಿರಾಕಿ ಹತ್ತಿರವಾದ. ಮತ್ತೆ ಕೆಮ್ಮಿದರು. ಕಣ್ಣಲ್ಲಿ ನೀರು ಬಂತು, ಕನ್ನಡಕ ಮೂಗಿನ ತುದಿಗೆ ಜಾರಿತು.

"ಬೇಡ ಅಂತನಾ ಸಾರ್? ಬೇಡ ಅಂದ್ರೆ ಗಾಡಿ ಹೊರಡುತ್ತೆ."

"ಬೇಕು! ಬೇಕು!" ಎಂದು ಮೇಷ್ಟ್ರು ಕೆಮ್ಮಿನ ನಡುವೆ ಕಿರುಚಿದರು. ಆ ಹೊತ್ತಿಗೆ ಟೈಲರಕ್ಕನಿಗೆ ಅರ್ಥವಾಗಿ, ಸೆರಗು ಬಿಗಿದು ಮನೆಯೊಳಗೆ ಓಡಿದ್ದರು. ಮಿಷನ್ ಗರಗರ ಎಂದಿತು. "ಈಗ ತಾನೇ ನಿಮ್ಮದೇ ಕೂರಿಸಿದೆ" ಎಂಬ ದನಿ ಬೀದಿಯವರೆಗೂ ಕೇಳಿಸಿತು.

ಗಾರೆಯವರು ಹಾರೆ ತೂರಿಸಿ ಹಳೆಯ ಚಪ್ಪಡಿ ಎತ್ತಿದರು. ಕೆಳಗೆ ಮೇಷ್ಟ್ರ ಎಡ ಚಪ್ಪಲಿ ರಾಜನ ಹಾಗೆ ಕೂತಿತ್ತು. ಮೇಷ್ಟ್ರು ಅದನ್ನು ತೊಳೆದು ಕೈಯಲ್ಲಿ ಹಿಡಿದು, ಬಲದ್ದು ಈಗ ಎಲ್ಲಿದೆ ಎಂಬುದನ್ನು ನೆನೆದು, ಮನೆಯೊಳಗೆ ಇಟ್ಟು ಬಂದರು.

ಬೀದಿಯ ದೀಪ ಹತ್ತುವ ಹೊತ್ತಿಗೆ ಹೊಸ ಚಪ್ಪಡಿ ಕೂತಿತ್ತು. ಗೀರುಗೀರಾಗಿ, ಒಂದು ಕಡೆಯೂ ಅಣುವಿನಷ್ಟೂ ಏಳದೆ. ಬ್ಯಾಂಡ್ ತಾತ ಅದರ ಮೇಲೆ ಮೂರು ಸಲ ಹೋಗಿ ಮೂರು ಸಲ ಬಂದು, "ನನ್ನ ಕಾಲೇ ಓದುತ್ತಲ್ಲಯ್ಯ ಇದನ್ನ!" ಎಂದು ತಮ್ಮ ಗೇಟನ್ನೇ ತೆಗೆದು ತಮ್ಮ ಮನೆಗೇ ಹೋದರು. ಬೀದಿಯವರು ಚಪ್ಪಾಳೆ ತಟ್ಟಿದರು. ಎಷ್ಟೋ ದಿನದಿಂದ, ಕಲ್ಲು ತಿರುಗಿ ಬಿದ್ದೇನೆಂದು ಮೆಟ್ಟಿಲ ಬುಡದಿಂದ ಆಚೆ ಬಾರದಿದ್ದ ಅಜ್ಜಿ ಊರುಗೋಲು ಹಿಡಿದು ಬೀದಿಗಿಳಿದು, ಆ ತುದಿಯಿಂದ ಈ ತುದಿಗೆ ಒಂದು ಸುತ್ತು ನಡೆದೇ ನಡೆದರು. ಇಂಜಿನಿಯರ್ ಹುಡುಗಿ ಮೊದಲ ಬಾರಿ ನಕ್ಕಳು.

ಡ್ರೈವರಮ್ಮ ಊಟ ಬಡಿಸುವಾಗ ಮೇಷ್ಟ್ರ ತಟ್ಟೆಗೆ ಒಂದು ಸೌಟು ಹೆಚ್ಚಿಗೆ ಹಾಕಿ, "ನೀವು ಹಿಡಿದ ಪಟ್ಟು ಬಿಡಲಿಲ್ಲ ರೀ," ಎಂದರು. ಮೇಜು ಮಡಚಿ ಗೋಡೆಗೆ ಒರಗಿಸಿ, ದಿಂಬಿಗೆ ತಲೆ ಕೊಟ್ಟಿದ್ದೇ ತಡ, ನಿದ್ದೆಹೋದರು.

ಮೇಷ್ಟ್ರು ಕಣ್ಣು ಮುಚ್ಚಿದರು. ಬೀದಿ ತುಟಿ ಹೊಲಿದುಕೊಂಡಿತ್ತು. ಇಂಥ ಮೌನವನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬೇಕು ಎಂದುಕೊಂಡರು.

ಟಕ್.

ಡ್ರೈವರಮ್ಮ ಮಗ್ಗುಲು ಬದಲಿಸಿದರು. ಮೇಷ್ಟ್ರು ಕಲ್ಲಾದರು. ಕಿಟಕಿಗೆ ಓಡಿದರು. ಹೊಸ ಚಪ್ಪಡಿ ದೀಪದ ಬೆಳಕಲ್ಲಿ ಸಂಭಾವಿತನ ಹಾಗೆ ಮಲಗಿತ್ತು. ಬೀದಿಯಲ್ಲಿ ಯಾರೂ ಇಲ್ಲ. ನಾಯಿಯೂ ಇಲ್ಲ.

ಅವರು ಉಸಿರು ಬಿಗಿಹಿಡಿದು, ಜೀವನದಲ್ಲಿ ಮೊದಲ ಬಾರಿಗೆ, ಕಿವಿಗೊಟ್ಟು ಕೇಳಿದರು. ಮನೆಯೊಳಗೇ ಏನೋ ಗುಂಯ್ಗುಡುತ್ತಿತ್ತು. ತುದಿಗಾಲಲ್ಲಿ ಅಡುಗೆಮನೆಗೆ ಹೋಗಿ ದೀಪ ಹಾಕಿದರು. ಫ್ರಿಜ್ಜು. ಗುಂಯ್ಗುಟ್ಟಿ, ಗುಂಯ್ಗುಟ್ಟಿ, ಕೊನೆಗೆ ಚಳಿ ಹಿಡಿದ ಎಮ್ಮೆಯ ಹಾಗೆ ಒಮ್ಮೆ ಮೈ ಕೊಡವಿ ನಿಂತಿತು. ಪಕ್ಕದ ಗೋಡೆಯ ಮೇಜು ಆ ಅಲುಗಾಟಕ್ಕೆ ನಡುಗಿತು. ತೂಗಾಡುತ್ತಿದ್ದ ಒಂಟಿ ಕಾಲು ಹಿಂದೆ ಸರಿದು ಗೋಡೆಗೆ ಬಡಿಯಿತು.

ಟಕ್.

ಮರದ ಸದ್ದು. ಕೋಲಿನ ಅಂಚಿನ ಸದ್ದು. ಡೋಲಿಗೂ ಅದಕ್ಕೂ ಆಕಾಶ ಭೂಮಿ ವ್ಯತ್ಯಾಸ.

ಮೇಷ್ಟ್ರು ತಾವೇ ಮಾಡಿದ ಮೇಜನ್ನು ತಾವೇ ದಿಟ್ಟಿಸುತ್ತ ನಿಂತರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ಚಿತ್ರ ಬರೆದು ತೋರಿಸಿದ್ದರೋ. ಆ ಚಿತ್ರದಲ್ಲಿ ಬರೆ ಹಾಕುವವನಿಗೆ ತಮ್ಮದೇ ಮುಖ ಇರಬೇಕಿತ್ತು ಎಂದು ಈಗ ಹೊಳೆಯಿತು. ಕೆಮ್ಮು ಕಲಿತದ್ದು, ಬ್ಯಾಂಡಿನ ಕತೆಗೆ ತಲೆಯೊಡ್ಡಿದ್ದು, ಚಪ್ಪಲಿ ಜೋಡಿ ಮುರಿದದ್ದು, ಎಲ್ಲ ಸಾಲಾಗಿ ಕಣ್ಣ ಮುಂದೆ ಹಾದುಹೋಯಿತು. ಅಂಗಿಯ ಜೇಬಿಗೆ ಕೈಹಾಕಿ, ಚಿತ್ರ ಅಳಿಸುವ ರಬ್ಬರನ್ನು ತೆಗೆದು, ಮೇಜಿನ ಕಾಲಿಗೂ ಗೋಡೆಗೂ ನಡುವೆ ಸಿಕ್ಕಿಸಿದರು. ಕಾದರು. ಫ್ರಿಜ್ಜು ಮತ್ತೆ ಹೊರಟಿತು, ಮತ್ತೆ ಮೈ ಕೊಡವಿತು. ಸದ್ದಿಲ್ಲ. ಒಂದು ತುಂಡು ರಬ್ಬರು.

ಹೋಗಲಿ, ಕೊನೆಗೂ ಸದ್ದು ನಿಂತಿತಲ್ಲ, ಎಂದುಕೊಂಡು ಹಾಸಿಗೆಯತ್ತ ಹೆಜ್ಜೆ ಇಟ್ಟರು. ಡ್ರೈವರಮ್ಮ ಮಗುವಿನಂತೆ ಮಲಗಿದ್ದರು. ಇನ್ನು ಈ ನಿದ್ದೆಯನ್ನು ಕೆಡಿಸುವ ಗಂಡು ಯಾರಿದ್ದಾನೆ?

ಆಗ ನೆನಪಾಯಿತು. ಅಜ್ಜಿ.

ಮೇಷ್ಟ್ರು ಹಾಸಿಗೆಯ ಆಸೆ ಬಿಟ್ಟು, ಬಾಗಿಲ ಮೂಲೆಯ ಪೊರಕೆ ತೆಗೆದುಕೊಂಡು ಕಿಟಕಿಯ ಬಳಿ ಕೂತರು. ಕಣ್ಣು ಎಳೆಯುತ್ತಿತ್ತು, ತೊಡೆ ಚಿವುಟಿಕೊಂಡರು. ಕುಟ್ಟದೆ ಬಿಟ್ಟರೆ ಮುದುಕಿ ಇಳಿದುಬಂದು ಬಾಗಿಲನ್ನೇ ಬಡಿಯುತ್ತಾರೆ. ಬಹಳ ಹೊತ್ತಿನ ಮೇಲೆ ಬೀದಿಯ ತುದಿಯಲ್ಲಿ ಮಗ ಬಂದ. ಚಪ್ಪಡಿಯ ಮೇಲೆ ಬೆಕ್ಕಿನ ಹಾಗೆ ಸದ್ದಿಲ್ಲದೆ ನಡೆದು ಗೇಟು ದಾಟಿದ. ಮೇಷ್ಟ್ರು ಪೊರಕೆಯನ್ನು ತಲೆಕೆಳಗು ಮಾಡಿ, ಎದ್ದು, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಸೂರಿಗೆ ಕುಟ್ಟಿದರು.

ಟಕ್.

ಡ್ರೈವರಮ್ಮ ಅಲುಗಿದರು. ಮೇಷ್ಟ್ರು ಪೊರಕೆ ಕೆಳಗಿಳಿಸಿದರು. ಅಜ್ಜಿ ಮರ್ಯಾದಸ್ಥರು, ಉಪಕಾರ ಮಾಡಿದವರಿಗೆ ತಿರುಗಿ ಒಂದು ಮಾತು ಹೇಳದೆ ಮಲಗುವವರಲ್ಲ. ಮೇಲಿನಿಂದ ಅವರ ಊರುಗೋಲು ಉತ್ತರ ಕೊಟ್ಟಿತು.

ಟಕ್! ಟಕ್!

ಡ್ರೈವರಮ್ಮ ಎದ್ದು ಕೂತರು. ಕೆದರಿದ ಕೂದಲು, ಕೆಂಪು ಕಣ್ಣು. "ರೀ... ಕಲ್ಲು ಗಟ್ಟಿ ಮಾಡಿದ್ರಲ್ಲ? ಈಗ ಎರಡೆರಡು ಸಲ ಹೊಡ್ಕೋತಿದೆ!"

ಮೇಷ್ಟ್ರು ಬಾಯಿ ತೆರೆದರು. ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಗೆ ಬಂದು ಸಾಲು ನಿಂತಿತು: ಸೂರಿನ ಸದ್ದು ಯಾಕೆ ಎಂದರೆ ಅಜ್ಜಿ, ಅಜ್ಜಿ ಯಾಕೆ ಎಂದರೆ ಚಪ್ಪಡಿ, ಚಪ್ಪಡಿ ಯಾಕೆ ಎಂದರೆ ಟಕ್, ಟಕ್ ಯಾಕೆ ಎಂದರೆ... ಸಾಲಿನ ಕೊನೆಯಲ್ಲಿ, ಗೋಡೆಗೆ ಒರಗಿ, ಮದುವೆಯಾದ ಮೇಲೆ ಹೆಂಡತಿ ಒಪ್ಪಿದ ಅವರ ಒಂದೇ ಕೆಲಸ ನಿಂತಿತ್ತು. ಹೊರಗೆ, ತಾತನ ಕಾಲು ಓದುವ ಚಪ್ಪಡಿ. ಬೀದಿಯೆಲ್ಲ ಸೇರಿ ಬೇಡ ಎನ್ನದೆ ಹಾಕಿಸಿಕೊಂಡ ಚಪ್ಪಡಿ. ಹೆಂಡತಿಗಿರಲಿ, ಆ ರಬ್ಬರಿಗೂ ಈ ಮಾತು ಕೇಳಿಸಬಾರದು, ಯಾರಿಗೂ ಹೇಳುವುದಿಲ್ಲ ಎಂದು ಮೇಷ್ಟ್ರು ಅಲ್ಲೇ, ನಿಂತ ಕಾಲಲ್ಲೇ, ತೀರ್ಮಾನಿಸಿದರು.

ಪೊರಕೆಯನ್ನು ಬೆನ್ನ ಹಿಂದೆ ಸರಿಸಿ, ಖಾಲಿ ಬೀದಿಯನ್ನು ಇಣುಕಿ ನೋಡಿ ಹೇಳಿದರು:

"ನಾಯಿ ಇರಬೇಕು. ಮಲಕ್ಕೋ."